ಶಕಟಕರ್ಮವೂ ಶ್ರಾವಕಧರ್ಮವೂ

ಒಬ್ಬ ಮನುಷ್ಯನು ಸಮಾಜಕ್ಕೆ ಬಿಟ್ಟುಹೋದದ್ದು ಏನು ಎಂಬುದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು? ದಾನಿಯ ಹೆಸರು ಛತ್ರದ ಗೋಡೆಯ ಮೇಲೆ ಉಳಿಯುತ್ತದೆ. ಕವಿಯ ಹೆಸರು ಕೃತಿಯೊಡನೆ ಬಾಳುತ್ತದೆ. ಬಸದಿಯನ್ನು ಕಟ್ಟಿಸಿದವನ ಹೆಸರನ್ನು ಶಾಸನವು ಸಾವಿರ ವರ್ಷಗಳ ಬಳಿಕವೂ ಹೇಳುತ್ತದೆ. ಉದ್ಯಮಿಯ ಸಂಗತಿ ಹಾಗಲ್ಲ. ಆತನು ತಯಾರಿಸಿದ ವಸ್ತು ಸವೆಯುತ್ತದೆ, ಕಾರ್ಖಾನೆ ಕೈ ಬದಲಾಯಿಸುತ್ತದೆ, ಒಂದು ದಿನ ಅದರ ಬಾಗಿಲೂ ಮುಚ್ಚಬಹುದು. ಆಗ ಅವನ ಬಾಳಿನ ಫಲವೆಲ್ಲಿದೆ ಎಂದು ಕೇಳಿದರೆ ಉತ್ತರಿಸುವುದು ಸುಲಭವಲ್ಲ. ನಮ್ಮ ಸಮಾಜದಲ್ಲಿ ವ್ಯಾಪಾರೋದ್ಯಮಗಳಿಂದ ಬದುಕುವವರೇ ಬಹು ಮಂದಿ ಇರುವುದರಿಂದ ಈ ಪ್ರಶ್ನೆಯನ್ನು ನಾವು ಎಂದಾದರೊಮ್ಮೆ ಎದುರಿಸಲೇಬೇಕು. ಭಾರತದಲ್ಲಿ ಮೋಟಾರು ಕೈಗಾರಿಕೆಗೆ ಅಡಿಪಾಯ ಹಾಕಿದ ಮೊದಲಿಗರಲ್ಲಿ ಒಬ್ಬರಾದ ವಾಲ್‌ಚಂದ್ ಹೀರಾಚಂದರ ಜೀವನವನ್ನೂ ನಮ್ಮ ಭದ್ರಾವತಿಯ ಕುಲುಮೆಯ ಕಥೆಯನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತೋರಿದ ಕೆಲವು ವಿಚಾರಗಳನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇನೆ.

ವಾಲ್‌ಚಂದರು 1882ರಲ್ಲಿ ಸೋಲಾಪುರದ ಒಂದು ದಿಗಂಬರ ಜೈನ ಮನೆತನದಲ್ಲಿ ಜನಿಸಿದರು. ಪೂರ್ವಿಕರು ಗುಜರಾತಿನಿಂದ ಬಂದವರು. ಮನೆತನದ ವೃತ್ತಿ ಸಾಹುಕಾರಿಕೆ ಮತ್ತು ವ್ಯಾಪಾರ. ಮರಾಠಿ, ಕನ್ನಡ, ತೆಲುಗು ಮೂರೂ ಕಿವಿಗೆ ಬೀಳುವ ಆ ಗಡಿನಾಡಿನ ಪೇಟೆಯಲ್ಲಿ ಕುಳಿತು ಬಡ್ಡಿಯ ಲೆಕ್ಕ ಬರೆಯುತ್ತ ಸುಖವಾಗಿ ಇರಬಹುದಾಗಿತ್ತು. ಅವರು ಆ ದಾರಿಯನ್ನು ಹಿಡಿಯದೆ ರೈಲ್ವೆಯ ಗುತ್ತಿಗೆದಾರರಾದರು. ಮುಂಬಯಿ ಮತ್ತು ಪುಣೆಗಳ ನಡುವಣ ಬೋರ್ ಘಾಟಿನಲ್ಲಿ ಸುರಂಗಗಳನ್ನು ಕೊರೆಸಿದರು. 1919ರಲ್ಲಿ ಸಂಗಡಿಗರೊಡನೆ ಸಿಂಧಿಯಾ ಹಡಗು ಕಂಪನಿಯನ್ನು ಸ್ಥಾಪಿಸಿದರು. ಆ ವರ್ಷದ ಏಪ್ರಿಲ್ 5ರಂದು ಅವರ ‘ಲಾಯಲ್ಟಿ’ ಎಂಬ ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಇಂದಿಗೂ ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುತ್ತಾರೆ. ಸಮುದ್ರವನ್ನು ತಮ್ಮ ಸ್ವತ್ತೆಂದು ಭಾವಿಸಿದ್ದ ಬ್ರಿಟಿಷ್ ಹಡಗು ಕಂಪನಿಗಳು ಬಾಡಿಗೆಯ ದರವನ್ನು ಇಳಿಸಿ ಈ ಹೊಸಬರನ್ನು ಮುಳುಗಿಸಲು ಯತ್ನಿಸಿದವು. ವಾಲ್‌ಚಂದರು ಸಾಲ ಮಾಡಿದರು, ನಷ್ಟ ತಿಂದರು, ಆದರೆ ಹಿಂದೆ ಸರಿಯಲಿಲ್ಲ.

ಇತ್ತ ಮೈಸೂರು ಸಂಸ್ಥಾನದಲ್ಲಿ ಮತ್ತೊಂದು ಸಾಹಸ ನಡೆದಿತ್ತು. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದ ಫಲವಾಗಿ ಭದ್ರಾನದಿಯ ದಡದಲ್ಲಿ ಕಬ್ಬಿಣದ ಕಾರ್ಖಾನೆಯ ನಿರ್ಮಾಣ ಆರಂಭವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಸೌದೆ, ಭದ್ರೆಯ ನೀರು ಈ ಮೂರನ್ನೂ ನೆಚ್ಚಿ ಕಟ್ಟಿದ ಕಾರ್ಖಾನೆ ಅದು. ಕಲ್ಲಿದ್ದಲು ದೂರವಾದುದರಿಂದ ಮರವನ್ನು ಭಟ್ಟಿಯಿಳಿಸಿ ಇದ್ದಿಲು ಮಾಡಿ ಅದರಿಂದ ಕಬ್ಬಿಣ ಕರಗಿಸುವ ಏರ್ಪಾಡಾಯಿತು. 1923ರ ಜನವರಿಯಲ್ಲಿ ಕುಲುಮೆಯಿಂದ ಮೊದಲ ಕಬ್ಬಿಣ ಹರಿಯುವ ವೇಳೆಗೆ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ನೆಲ ಕಚ್ಚಿತ್ತು. ಸಂಸ್ಥಾನಕ್ಕೆ ಇದೊಂದು ಬಿಳಿಯಾನೆ ಎಂದು ಆಡಿಕೊಂಡವರು ಬಹಳ ಮಂದಿ. ಆಗ ವಿಶ್ವೇಶ್ವರಯ್ಯನವರನ್ನೇ ಕರೆದು ಆಡಳಿತ ಮಂಡಳಿಯ ಅಧ್ಯಕ್ಷರನ್ನಾಗಿ ಮಾಡಿದರು. 1929ರವರೆಗೆ ಅವರು ಆ ಹೊಣೆ ಹೊತ್ತು ವೆಚ್ಚ ತಗ್ಗಿಸಿ ಕಾರ್ಖಾನೆಯನ್ನು ನಿಲ್ಲಿಸಿಕೊಟ್ಟರು. ಆ ಸೇವೆಗಾಗಿ ತಮಗೆ ಸಲ್ಲಬೇಕಾದ ಸಂಭಾವನೆಯನ್ನು ತಾವು ಮುಟ್ಟದೆ ತರುಣರಿಗೆ ಕುಶಲ ಕಸುಬುಗಳನ್ನು ಕಲಿಸುವ ಸಂಸ್ಥೆಯೊಂದಕ್ಕೆ ವಿನಿಯೋಗಿಸಬೇಕೆಂದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಹೀಗೆ ಹುಟ್ಟಿತು.

ಈ ಇಬ್ಬರು ಹಿರಿಯರನ್ನು ಒಂದುಗೂಡಿಸಿದ್ದು ಮೋಟಾರು ಗಾಡಿಯ ಕನಸು. ಕಬ್ಬಿಣವಿರುವ ದೇಶ ಕಬ್ಬಿಣದ ಗಟ್ಟಿಗಳನ್ನು ಮಾರಿಕೊಂಡು ಗಾಡಿಗಳನ್ನು ಪರದೇಶದಿಂದ ತರಿಸುವುದು ತರವೇ ಎಂಬುದು ವಿಶ್ವೇಶ್ವರಯ್ಯನವರ ಕೊರಗು. 1935ರಲ್ಲಿ, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ಯೂರೋಪು ಮತ್ತು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದು ಯೋಜನೆಯನ್ನು ಸಿದ್ಧಪಡಿಸಿದರು. ಅದನ್ನು ಕಾರ್ಯಗತ ಮಾಡಲು ಮುಂದೆ ಬಂದವರು ವಾಲ್‌ಚಂದರು. ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ನೆರವಿನ ಭರವಸೆ ನೀಡಿತು. 1939ರಲ್ಲಿ ಆ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಬಳಿಕ ಮೈಸೂರು ಸಂಸ್ಥಾನ ಮುಂದಾಯಿತು. ಯುದ್ಧಕಾಲದಲ್ಲಿ ಇದು ಅವಶ್ಯಕವಾದ ಕೈಗಾರಿಕೆಯಲ್ಲವೆಂದು ಬ್ರಿಟಿಷ್ ಸರ್ಕಾರ ತಡೆಯಿತು. ಹೀಗೆ ಮೈಸೂರಿಗೆ ಬರಬಹುದಾಗಿದ್ದ ಕಾರಿನ ಕಾರ್ಖಾನೆ ಬರಲಿಲ್ಲ.

ಆದರೆ ಸತ್ಪ್ರಯತ್ನವು ಪೂರಾ ವ್ಯರ್ಥವಾಗುವುದು ಅಪರೂಪ. ಮೋಟಾರು ಕಾರ್ಖಾನೆಯ ಕಾರ್ಯಕ್ಕಾಗಿ 1939ರಲ್ಲಿ ಅಮೆರಿಕಕ್ಕೆ ಹೋಗಿದ್ದ ವಾಲ್‌ಚಂದರಿಗೆ ಮರಳುವ ದಾರಿಯಲ್ಲಿ ವಿಮಾನ ತಯಾರಿಕೆಯನ್ನು ಬಲ್ಲ ವಿಲಿಯಂ ಪಾವ್ಲಿ ಎಂಬಾತನ ಪರಿಚಯವಾಯಿತು. ಅದರ ಫಲವೇ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ. ಮೈಸೂರು ಸರ್ಕಾರ ಬಂಡವಾಳದಲ್ಲಿ ಪಾಲು ಹಾಕಿ ಭೂಮಿಯನ್ನೂ ಒದಗಿಸಿತು. 1942ರಲ್ಲಿ ಭಾರತ ಸರ್ಕಾರ ಅದರ ಆಡಳಿತವನ್ನು ವಹಿಸಿಕೊಂಡಿತು. ಇಂದು ಎಚ್.ಎ.ಎಲ್. ಎಂದು ಮನೆಮಾತಾಗಿರುವ ಸಂಸ್ಥೆಯ ಮೂಲ ಇದು. ಕಾರಿನ ಕಾರ್ಖಾನೆ ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಎಂಬ ಹೆಸರಿನಿಂದ ಮುಂಬಯಿಯ ಕುರ್ಲಾದಲ್ಲಿ ನೆಲೆಗೊಂಡು, 1947ರಲ್ಲಿ ಗಾಡಿಗಳನ್ನು ಹೊರತರತೊಡಗಿತು. ವಾಲ್‌ಚಂದರು 1953ರಲ್ಲಿ ತೀರಿಕೊಂಡರು. ಅವರ ಹೆಸರನ್ನು ಸಾಂಗ್ಲಿಯ ಎಂಜಿನಿಯರಿಂಗ್ ಕಾಲೇಜು ಈಗಲೂ ಹೊತ್ತಿದೆ.

ಇಷ್ಟೆಲ್ಲ ಇತಿಹಾಸ ನನಗೆ ಹತ್ತಿರವಾದದ್ದು ಅಂಗಡಿಯ ಗಲ್ಲಾಪೆಟ್ಟಿಗೆಯ ಮೂಲಕ. ನಮ್ಮ ತಂದೆಯವರು ಶಿವಮೊಗ್ಗೆಯ ಬಿ.ಎಚ್. ರಸ್ತೆಯಲ್ಲಿ ಮೋಟಾರು ಬಿಡಿಭಾಗಗಳ ಸಣ್ಣ ಅಂಗಡಿ ಇಟ್ಟಿದ್ದರು. ಫಾರ್ಗೋ, ಡಾಜ್ ಲಾರಿಗಳ ಬೇರಿಂಗು, ಬ್ರೇಕ್ ಶೂ, ಪದ್ಮಿನಿ ಕಾರಿನ ಕ್ಲಚ್ ಪ್ಲೇಟು, ಫ್ಯಾನ್ ಬೆಲ್ಟು ಇವುಗಳ ವಾಸನೆಯಲ್ಲಿಯೇ ನಾನು ಮಗ್ಗಿ ಕಲಿತೆ. ಮೊದಲು ಫಿಯಟ್ ಎಂದು ಕರೆಯುತ್ತಿದ್ದ ಕಾರಿಗೆ ಪ್ರೀಮಿಯರ್ ಕಂಪನಿ 1970ರ ದಶಕದಲ್ಲಿ ಪದ್ಮಿನಿ ಎಂದು ಹೆಸರಿಟ್ಟಿತು. ಚಿತ್ತೋಡಿನ ರಾಣಿಯ ಹೆಸರದು. ನಮ್ಮ ಅಜ್ಜಿ ಮಾತ್ರ ಅದು ಹೊಂಬುಜದ ಪದ್ಮಾವತಿ ಅಮ್ಮನವರ ಹೆಸರೆಂದೇ ನಂಬಿದ್ದರು. ಆಯನೂರು, ರಿಪ್ಪನ್‌ಪೇಟೆಗಳ ಮಾರ್ಗವಾಗಿ ಬಾಡಿಗೆಯ ಪದ್ಮಿನಿಯಲ್ಲಿ ಹೊಂಬುಜಕ್ಕೆ ಹೋಗುವಾಗ, ಮುಂದಿನ ಉದ್ದ ಸೀಟಿನಲ್ಲಿ ಚಾಲಕನ ಪಕ್ಕ ಕುಳಿತು, ಸ್ಟಿಯರಿಂಗಿನ ಕೊರಳಿಗೇ ಹೊಂದಿಸಿದ ಗೇರಿನ ಹಿಡಿಯನ್ನು ಬೆರಗಿನಿಂದ ನೋಡುತ್ತಿದ್ದುದು ನೆನಪಿದೆ.

ಅಂಗಡಿಗೆ ಆಗಾಗ ಬರುತ್ತಿದ್ದ ಒಬ್ಬ ವೃದ್ಧ ಶ್ರಾವಕರು ತಂದೆಯವರೊಡನೆ ವಾದಕ್ಕೆ ಕೂರುತ್ತಿದ್ದರು. “ಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕೆಂದು ಹೇಳಿದ ಹದಿನೈದು ಖರಕರ್ಮಗಳಲ್ಲಿ ಶಕಟಕರ್ಮವೂ ಒಂದಲ್ಲವೇ? ಗಾಡಿ ಮಾಡುವುದು, ಗಾಡಿಯ ಅಂಗಗಳನ್ನು ಮಾರುವುದು ನಿಷಿದ್ಧ. ನೀವು ದಿನವೆಲ್ಲ ಮಾರುವುದು ಅದನ್ನೇ” ಎನ್ನುತ್ತಿದ್ದರು. ಅವರ ಮಾತಿಗೆ ಆಧಾರವಿತ್ತು. ಹನ್ನೆರಡನೆಯ ಶತಮಾನದ ಹೇಮಚಂದ್ರರ ಯೋಗಶಾಸ್ತ್ರದಲ್ಲಿ ಈ ಪಟ್ಟಿಯ ವಿವರಣೆಯಿದೆ. ಇದ್ದಿಲು ಸುಟ್ಟು ಬದುಕುವ ಅಂಗಾರಕರ್ಮ, ಕಾಡು ಕಡಿಯುವ ವನಕರ್ಮ, ಗಾಡಿ ಮಾಡುವ ಶಕಟಕರ್ಮ, ಬಾಡಿಗೆಗೆ ಹೊರೆ ಸಾಗಿಸುವ ಭಾಟಕಕರ್ಮ, ನೆಲವನ್ನು ಅಗೆದು ಸೀಳುವ ಸ್ಫೋಟಕರ್ಮ ಇವು ಅದರ ಮೊದಲ ಐದು. ಓದುಗರು ಒಂದು ಕ್ಷಣ ನಿಂತು ಆಲೋಚಿಸಬೇಕು. ಭದ್ರಾವತಿಯ ಕಾರ್ಖಾನೆಯನ್ನೂ ಅದರ ಕಬ್ಬಿಣದಿಂದ ಆಗಬೇಕೆಂದಿದ್ದ ಮೋಟಾರು ಗಾಡಿಯನ್ನೂ ಒಟ್ಟುಗೂಡಿಸಿದರೆ ಈ ಐದೂ ಒಂದೇ ಸರಪಣಿಯ ಕೊಂಡಿಗಳಂತೆ ಕಾಣುತ್ತವೆ. ಎಂಟು ನೂರು ವರ್ಷಗಳ ಹಿಂದೆ ಎತ್ತಿನ ಗಾಡಿಯನ್ನು ಮುಂದಿಟ್ಟುಕೊಂಡು ಬರೆದ ಪಟ್ಟಿಯು ಇಪ್ಪತ್ತನೆಯ ಶತಮಾನದ ಕೈಗಾರಿಕೆಯ ಮೇಲೆ ಇಷ್ಟು ನೇರವಾಗಿ ಬೆರಳಿಡುವುದು ಸೋಜಿಗದ ಸಂಗತಿ.

ಆ ನಿಷೇಧದ ಹಿಂದಿನ ಕಾರಣವನ್ನು ಅಲ್ಲಗಳೆಯುವಂತಿಲ್ಲ. ಭದ್ರಾವತಿಯ ಕುಲುಮೆ ಇದ್ದಿಲನ್ನು ನುಂಗುತ್ತಿದ್ದ ದಶಕಗಳಲ್ಲಿ ಕಾಡಿನೊಳಕ್ಕೆ ಸೌದೆಗಾಗಿ ಟ್ರಾಮ್ ಹಳಿಗಳನ್ನೇ ಹಾಕಿದ್ದರು. ಸ್ವಾತಂತ್ರ್ಯಾನಂತರ ಜೋಗದ ವಿದ್ಯುತ್ತಿನಿಂದ ವಿದ್ಯುತ್ ಕುಲುಮೆಗಳು ಬಂದ ಮೇಲೆ ಇದ್ದಿಲಿನ ಅವಲಂಬನೆ ತಗ್ಗಿತು. ಅಷ್ಟರಲ್ಲಿ ಕಡಿದ ಮರಗಳಲ್ಲಿ ಗೂಡು ಕಟ್ಟಿದ್ದ ಹಕ್ಕಿಗಳ ಲೆಕ್ಕವನ್ನು ಯಾವ ಕಚೇರಿಯೂ ಬರೆದಿಡಲಿಲ್ಲ. ಮೋಟಾರು ಗಾಡಿಯ ಹಿಂಸೆಯೂ ಸಣ್ಣದಲ್ಲ. ರಸ್ತೆಯಲ್ಲಿ ಸಾಯುವ ಮನುಷ್ಯರು, ಮಳೆಗಾಲದ ರಾತ್ರಿಗಳಲ್ಲಿ ಗಾಲಿಗೆ ಸಿಕ್ಕುವ ಕಪ್ಪೆಗಳು, ಹಾವುಗಳು, ಕಾಡುಪ್ರಾಣಿಗಳು, ಹೊಗೆಯಿಂದ ಕೆಡುವ ಗಾಳಿ ಇವೆಲ್ಲವೂ ಆ ಖಾತೆಗೇ ಸೇರುತ್ತವೆ. ಉದ್ಯಮಿಯನ್ನು ಹೊಗಳುವಾಗ ಈ ಪುಟವನ್ನು ಮಡಿಚಿಡುವುದು ಸತ್ಯವ್ರತಕ್ಕೆ ಒಪ್ಪುವ ಮಾತಲ್ಲ.

ಹಾಗಾದರೆ ತಂದೆಯವರ ಉತ್ತರವೇನಾಗಿತ್ತು? ಅವರು ಪಂಡಿತರಲ್ಲ, ವಾದದಲ್ಲಿ ಗೆಲ್ಲಬೇಕೆಂಬ ಹಟವೂ ಇರಲಿಲ್ಲ. “ಸಂಕಲ್ಪಿಸಿ ಮಾಡುವ ಹಿಂಸೆ ಬೇರೆ, ಉದ್ಯೋಗದಲ್ಲಿ ತಪ್ಪದೆ ಒದಗುವ ಹಿಂಸೆ ಬೇರೆ ಎಂದು ನಮ್ಮ ಹಿರಿಯರೇ ವಿಂಗಡಿಸಿದ್ದಾರೆ. ಮೊದಲನೆಯದನ್ನು ಗೃಹಸ್ಥನು ಪೂರ್ತಿ ಬಿಡಬೇಕು. ಎರಡನೆಯದನ್ನು ಆದಷ್ಟು ಕಡಿಮೆ ಮಾಡುತ್ತ ಬರಬೇಕು. ಅಂಗಡಿಗೆ ಬಂದವನಿಗೆ ಸವೆದ ಬ್ರೇಕ್ ಶೂವನ್ನು ಹೊಸದೆಂದು ಕೊಟ್ಟರೆ ಅದು ಮೊದಲನೆಯ ಬಗೆಯದು. ಅಷ್ಟು ನನಗೆ ಗೊತ್ತು” ಎಂದು ಹೇಳಿ ಅವರಿಗೆ ಕಷಾಯ ತರಿಸುತ್ತಿದ್ದರು. ಬೇರೆ ಕಡೆ ಅಗ್ಗಕ್ಕೆ ದೊರೆಯುತ್ತಿದ್ದ ನಕಲಿ ಬ್ರೇಕಿನ ಭಾಗಗಳನ್ನು ಅವರು ಕೊನೆಯವರೆಗೂ ಅಂಗಡಿಯೊಳಗೆ ಸೇರಿಸಲಿಲ್ಲ. ಅದರಿಂದ ಗಿರಾಕಿಗಳು ಕಡಿಮೆಯಾದದ್ದೂ ನಿಜ. ಶಾಸ್ತ್ರದ ನಿಷೇಧಕ್ಕೆ ಇದು ಪೂರ್ಣ ಸಮಾಧಾನವೆಂದು ನಾನು ಹೇಳಲಾರೆ. ಆದರೆ ನಿಷೇಧದ ಒಳಗಿರುವ ಕರುಣೆಯನ್ನು ವ್ಯಾಪಾರದ ನಡುವೆಯೂ ಉಳಿಸಿಕೊಳ್ಳುವ ಒಂದು ದಾರಿ ಅದರಲ್ಲಿತ್ತು.

ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಮಲೆನಾಡಿನ ಹಳ್ಳಿಯೊಂದರಲ್ಲಿ ರಾತ್ರಿ ಹೆರಿಗೆ ಕಷ್ಟವಾದರೆ, ಹಾವು ಕಚ್ಚಿದರೆ, ಹಿಂದಿನವರು ಕಂಬಳಿಯ ಜೋಲಿ ಕಟ್ಟಿ ಹೊತ್ತು ನಡೆಯುತ್ತಿದ್ದರು. ದಾರಿಯಲ್ಲಿಯೇ ಮುಗಿದುಹೋದ ಜೀವಗಳೆಷ್ಟೋ. ಊರಿಗೊಂದು ಬಾಡಿಗೆ ಕಾರು ಬಂದ ಮೇಲೆ ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಯನ್ನು ಬದುಕಿರುವಾಗಲೇ ತಲುಪುವುದು ಸಾಧ್ಯವಾಯಿತು. ನಮ್ಮ ಅಂಗಡಿಯ ಬಾಗಿಲನ್ನು ಮಧ್ಯರಾತ್ರಿಯಲ್ಲಿ ಬಡಿದು ಫ್ಯಾನ್ ಬೆಲ್ಟ್ ಕೇಳಿದ ಚಾಲಕರ ಗಾಡಿಯಲ್ಲಿ ಇಂಥ ರೋಗಿಗಳು ಮಲಗಿದ್ದುದನ್ನು ನಾನೇ ಕಂಡಿದ್ದೇನೆ. ತಂದೆಯವರು ಆ ಹೊತ್ತಿನಲ್ಲಿ ದುಡ್ಡಿನ ಮಾತು ಎತ್ತುತ್ತಿರಲಿಲ್ಲ. ಹಿಂಸೆ ಮತ್ತು ಅನುಕಂಪ ಎರಡೂ ಒಂದೇ ಗಾಡಿಯಲ್ಲಿ ಪ್ರಯಾಣ ಮಾಡುತ್ತವೆ. ಅವೆರಡನ್ನೂ ಒಂದರೊಳಗೊಂದು ಕಳೆದು ಶೇಷವನ್ನು ಹೇಳುವ ಗಣಿತ ನನಗೆ ತಿಳಿಯದು.

ವಸ್ತುಗಳು ಮಾತ್ರ ಕಾಲಕ್ಕೆ ತಲೆಬಾಗಿದವು. ಮಾರುತಿ ಬಂದ ಮೇಲೆ ಪದ್ಮಿನಿಯ ಬೇಡಿಕೆ ಕುಗ್ಗಿ, ಹೊಸ ಶತಮಾನ ಕಾಲಿಡುವ ವೇಳೆಗೆ ಅದರ ತಯಾರಿಕೆ ನಿಂತಿತು. ಮುಂಬಯಿಯ ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷಗಳ ವಯೋಮಿತಿಯಿದ್ದುದರಿಂದ, 2023ರ ಅಕ್ಟೋಬರ್ 30ರಿಂದ ಕಪ್ಪು ಹಳದಿಯ ಪದ್ಮಿನಿ ಟ್ಯಾಕ್ಸಿಗಳು ಆ ನಗರದ ರಸ್ತೆಗಳಿಂದ ಮರೆಯಾದವು. ಅದೇ 2023ರ ಜನವರಿಯಲ್ಲಿ, ಮೊದಲ ಕಬ್ಬಿಣ ಹರಿದು ಸರಿಯಾಗಿ ನೂರು ವರ್ಷ ತುಂಬಿದ ತಿಂಗಳಿನಲ್ಲಿ, 1989ರಿಂದ ಉಕ್ಕು ಪ್ರಾಧಿಕಾರದ ಅಧೀನದಲ್ಲಿದ್ದ ಭದ್ರಾವತಿಯ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕುಳಿತರು. ಊರು ಅವರೊಡನೆ ನಿಂತಿತು. ಮುಚ್ಚುವ ಕ್ರಮ ತಡೆಹಿಡಿಯಲ್ಪಟ್ಟು ಆಗಸ್ಟಿನಲ್ಲಿ ಒಂದು ವಿಭಾಗದ ಕೆಲಸ ಮತ್ತೆ ಆರಂಭವಾಯಿತು. ಪೇಟೆಯಲ್ಲಿ ಆ ಆರು ತಿಂಗಳು ನಾನು ಕಂಡದ್ದು ಕೇವಲ ಸಂಬಳದ ಚಿಂತೆಯಲ್ಲ. ಮೂರು ತಲೆಮಾರುಗಳಿಂದ ‘ಕಾರ್ಖಾನೆಯವರು’ ಎನಿಸಿಕೊಂಡ ಮನೆಗಳಲ್ಲಿ ತಮ್ಮ ಹೆಸರೇ ಕಳೆದುಹೋಗುತ್ತಿದೆಯೆಂಬ ಕಳವಳವಿತ್ತು.

ಇಲ್ಲಿಯೇ ನನ್ನ ಮೊದಲ ಪ್ರಶ್ನೆಗೆ ಉತ್ತರದ ಸುಳಿವು ದೊರೆಯುತ್ತದೆ ಎಂದು ನನಗೆ ತೋರುತ್ತದೆ. ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವಣ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿಯೂ ಶಿವಮೊಗ್ಗೆಯ ಸುತ್ತಮುತ್ತಲೂ ಎರಕದ ಕಾರ್ಖಾನೆಗಳಿವೆ. ಮೋಟಾರು ಗಾಡಿಗಳ ಭಾಗಗಳು ಅಲ್ಲಿ ಎರಕಗೊಂಡು ದೂರದ ಊರುಗಳಿಗೆ ಹೋಗುತ್ತವೆ. ನನ್ನ ತಮ್ಮನ ಮಗನಿಗೂ ಅಲ್ಲೊಂದು ಸಣ್ಣ ಲೇತ್ ಘಟಕವಿದೆ. ಎರಕವಾಗಿ ಬಂದ ಭಾಗಗಳನ್ನು ಕಡೆದು ಅಳತೆಗೆ ತರುವುದು ಅಲ್ಲಿನ ಕೆಲಸ. ಅಲ್ಲಿರುವ 12 ಮಂದಿ ಕೆಲಸಗಾರರಲ್ಲಿ ಐವರ ತಂದೆ ಅಥವಾ ತಾತ ಭದ್ರಾವತಿಯ ಕಾರ್ಖಾನೆಯಲ್ಲಿದ್ದವರು. ಲೋಹದ ಬಣ್ಣ ನೋಡಿ ಅದರ ಕಾವನ್ನು ಹೇಳುವ, ಉಳಿಯ ಸದ್ದು ಕೇಳಿ ಅದರ ಹರಿತವನ್ನು ತಿಳಿಯುವ ವಿದ್ಯೆ ಮನೆಯಿಂದ ಮನೆಗೆ ಬಂದಿದೆ. ಮೈಸೂರಿಗೆ ಕಾರಿನ ಕಾರ್ಖಾನೆ ಬರಲಿಲ್ಲ ನಿಜ; ಆದರೆ ಇಂದು ದೇಶದಲ್ಲಿ ಓಡುವ ಗಾಡಿಗಳಲ್ಲಿ ನಮ್ಮ ಜಿಲ್ಲೆಯ ಕೈಗಳು ಮುಟ್ಟಿದ ಕಬ್ಬಿಣವಿದೆ. ವಿಶ್ವೇಶ್ವರಯ್ಯನವರು ತಮ್ಮ ಸಂಭಾವನೆಯನ್ನು ಕಸುಬಿನ ಶಾಲೆಗೆ ಕೊಡಿಸಿದ್ದರ ಅರ್ಥ ನನಗೆ ಆ ಘಟಕದಲ್ಲಿ ನಿಂತಾಗ ಚೆನ್ನಾಗಿ ಹೊಳೆಯಿತು. ಕಟ್ಟಡ, ಯಂತ್ರ, ಬಂಡವಾಳ ಇವು ಪರಿಗ್ರಹ. ಕಲಿಸಿದ ವಿದ್ಯೆ ಕೊಟ್ಟವನ ಕೈಬಿಟ್ಟು ಹೋದ ದಾನ. ಪರಿಗ್ರಹವು ಕೈಯಿಂದ ಕೈಗೆ ಹೋಗುತ್ತ ಕರಗುತ್ತದೆ. ದಾನವಾದ ವಿದ್ಯೆ ಕೈಯಿಂದ ಕೈಗೆ ಹೋದಷ್ಟೂ ಬೆಳೆಯುತ್ತದೆ.

ಆ ತರುಣನು ಎರಡು ವರ್ಷಗಳ ಹಿಂದೆ ಲೆಕ್ಕದ ಪುಸ್ತಕ ಹಿಡಿದು ನನ್ನ ಬಳಿ ಬಂದಿದ್ದ. ವಿದ್ಯುತ್ ವಾಹನಗಳು ಬರುತ್ತಿರುವುದರಿಂದ ಎಂಜಿನ್ನಿನ ಭಾಗಗಳ ಬೇಡಿಕೆ ಇಳಿಯತೊಡಗಿತ್ತು. “ದೊಡ್ಡಪ್ಪ, ನಾಲ್ವರನ್ನು ಬಿಡಿಸಿದರೆ ಲಾಭ ಹಾಗೆಯೇ ಉಳಿಯುತ್ತದೆ. ಎಲ್ಲರನ್ನೂ ಇಟ್ಟುಕೊಂಡರೆ ಬ್ಯಾಂಕಿನ ಕಂತು ಕಟ್ಟಿ ಮನೆಗೆ ಸಾಗಿಸುವುದೇ ಕಷ್ಟ. ಧರ್ಮ ಯಾವುದು, ನೀವು ಹೇಳಿ” ಎಂದು ಕೇಳಿದ. ನಾನು ಅವನಿಗೆ ಉಪದೇಶ ಮಾಡಲಿಲ್ಲ. ನಿನ್ನ ಮನೆಯ ಖರ್ಚಿಗೆ ಇಷ್ಟೇ ಎಂದು ಮೊದಲು ಒಂದು ಗೆರೆ ಎಳೆ, ಆ ಗೆರೆಯ ಮೇಲೆ ಉಳಿಯುವುದು ಎಷ್ಟೆಂದು ನೋಡು ಎಂದೆ. ಪರಿಗ್ರಹ ಪರಿಮಾಣವೆಂದು ನಮ್ಮ ವ್ರತಗಳಲ್ಲಿ ಓದುವುದು ಇದನ್ನೇ ಅಲ್ಲವೇ? ಅದನ್ನು ನಾವು ಮನೆಯ ಚಿನ್ನಬೆಳ್ಳಿ, ಹೊಲಗದ್ದೆಗಳಿಗೆ ಅನ್ವಯಿಸಿಕೊಳ್ಳುತ್ತೇವೆ. ಉದ್ಯಮದ ಲಾಭಕ್ಕೂ ಅನ್ವಯಿಸಬಹುದೆಂದು ನೆನೆಯುವವರು ವಿರಳ.

ಅವನು ಗೆರೆ ಎಳೆದ. ಹೊಸ ಕಾರು ಕೊಳ್ಳುವ ಯೋಚನೆಯನ್ನು ಮುಂದೂಡಿದ. ಅವನ ಹೆಂಡತಿಯೂ ಮನಃಪೂರ್ವಕವಾಗಿ ಒಪ್ಪಿದಳು. ಯಾರನ್ನೂ ಬಿಡಿಸಲಿಲ್ಲ. ಇಬ್ಬರಿಗೆ ಕಂಪ್ಯೂಟರಿನಿಂದ ನಡೆಯುವ ಲೇತಿನ ತರಬೇತಿ ಕೊಡಿಸಿದ. ಉಳಿದವರೊಡನೆ ಕೂಡಿ ಅಡಿಕೆ ಸುಲಿಯುವ ಯಂತ್ರದ ಮತ್ತು ನೀರೆತ್ತುವ ಪಂಪಿನ ಭಾಗಗಳನ್ನು ಮಾಡಲು ಆರಂಭಿಸಿದ. ಲಾಭ ಮೊದಲಿನ ಮಟ್ಟಕ್ಕೆ ಬಂದಿಲ್ಲ. ಮುಂದೆ ಬರುವುದೋ ಇಲ್ಲವೋ ಹೇಳಬಲ್ಲವರಿಲ್ಲ. ಕಂತು ಕಟ್ಟಬೇಕಾದ ತಿಂಗಳ ಮೊದಲ ವಾರದಲ್ಲಿ ಅವನ ಮುಖ ಬಾಡಿರುವುದನ್ನು ಈಗಲೂ ಕಾಣುತ್ತೇನೆ. ಧರ್ಮವನ್ನು ಹಿಡಿದವನಿಗೆ ಸಂಪತ್ತು ತಾನಾಗಿ ಒಲಿಯುತ್ತದೆ ಎಂಬ ಕಥೆಗಳನ್ನು ಹೇಳಿ ಅವನನ್ನು ಸಮಾಧಾನಪಡಿಸಲು ನನಗೆ ಮನಸ್ಸು ಬಾರದು.

ವಾಲ್‌ಚಂದರು ಸಂತರಾಗಿರಲಿಲ್ಲ. ಸಾಲದ ಮೇಲೆ ಸಾಲ ಮಾಡಿ ಸಾಹಸಕ್ಕಿಳಿಯುವ ಸ್ವಭಾವ ಅವರದು. ಅವರು ತೊಡಗಿದ ಉದ್ಯಮಗಳಲ್ಲಿ ಹಿಂಸೆಯ ಪಾಲು ಇದ್ದೇ ಇತ್ತು. ಅವರನ್ನು ಆದರ್ಶ ಶ್ರಾವಕರೆಂದು ಪೂಜಿಸುವುದು ನನ್ನ ಉದ್ದೇಶವಲ್ಲ. ನಮ್ಮಿಂದಾಗದು ಎಂದು ಪರಕೀಯರು ಹೇಳಿದ್ದನ್ನು ನಾಡಿನ ಕೈಗಳು ಮಾಡಬಲ್ಲವೆಂದು ಅವರೂ ವಿಶ್ವೇಶ್ವರಯ್ಯನವರೂ ನಂಬಿದರು. ಆ ನಂಬಿಕೆಯ ಫಲವನ್ನು ಅವರ ಹೆಸರೂ ತಿಳಿಯದ ಸಾವಿರಾರು ಮನೆಗಳು ಉಣ್ಣುತ್ತಿವೆ. ಉದ್ಯಮವನ್ನು ಆರಂಭಿಸುವಾಗ ಪೂಜೆ, ತೋರಣ, ಭಾಷಣ ಎಲ್ಲವೂ ಇರುತ್ತವೆ. ಅದು ಕುಗ್ಗುವಾಗ, ಮುಗಿಯುವಾಗ, ಅದರ ನೆರಳಲ್ಲಿ ಬಾಳಿದವರ ಹೊಣೆಯನ್ನು ಯಾರು ಹೊರಬೇಕೆಂಬುದಕ್ಕೆ ನಮ್ಮಲ್ಲಿ ಇನ್ನೂ ವಿಧಿ ಏರ್ಪಟ್ಟಿಲ್ಲ. ಸಲ್ಲೇಖನದ ಮೂಲಕ ದೇಹವನ್ನೇ ವಿವೇಕದಿಂದ, ಯಾರ ಮೇಲೂ ವೈರವಿಲ್ಲದೆ ಬಿಡುವ ಕ್ರಮವನ್ನು ಕಂಡುಕೊಂಡ ಪರಂಪರೆ ನಮ್ಮದು. ಒಂದು ಕಾರ್ಖಾನೆಯನ್ನು, ಒಂದು ಅಂಗಡಿಯನ್ನು ಹಾಗೆ ಮುಗಿಸುವುದು ಹೇಗೆ ಎಂಬುದನ್ನೂ ನಾವೇ ಯೋಚಿಸಬೇಕಾಗಿದೆ. ಬಾಕಿಯಿಲ್ಲದಂತೆ ಸಂಬಳ ತೀರಿಸಿ, ಕೈಗೆ ಮತ್ತೊಂದು ವಿದ್ಯೆ ಕೊಟ್ಟು, ಕಡಿದ ಕಾಡಿನ ಋಣಕ್ಕೆ ಗಿಡ ನೆಟ್ಟು, ಆಮೇಲೆ ಬೀಗ ಹಾಕಿದ ಉದ್ಯಮಿ ಇದ್ದರೆ ಅವನ ಹೆಸರನ್ನು ಶಿಲೆಯಲ್ಲಿ ಕೆತ್ತದಿದ್ದರೂ ಚಿಂತೆಯಿಲ್ಲ.